ಲೂಪಸ್‌ಗೆ ಮಲೇರಿಯಾ ಮಾತ್ರೆ ಯಾಕೆ ಕೊಡ್ತಾರೆ? ಚರ್ಮಕ್ಕೂ ಡಿಎನ್ಎಗೂ ಏನು ಸಂಬಂಧ?

ಚಾಲಿಅಡಿಕೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನಿಗೆ ಲೂಪಸ್ ಅಂತ ಹೇಳಿದ್ದಾರೆ. ಸದ್ಯಕ್ಕೆ ತೊಂದರೆ ಇರೋದು ಚರ್ಮ ಮತ್ತು ಕೀಲುಗಳಲ್ಲಿ ಮಾತ್ರ, ಕಿಡ್ನಿ ಚೆನ್ನಾಗಿದೆ. ಎರಡೂ ಕೆನ್ನೆ ಮತ್ತು ಮೂಗಿನ ಮೇಲೆ ಕೆಂಪಗಾಗುತ್ತದೆ. ತೋಳಿನ ಹೊರಬದಿಯಲ್ಲಿ ಉಂಗುರದ ಹಾಗೆ ಕಲೆಗಳಿವೆ, ಅಂಚಿನಲ್ಲಿ ಸಣ್ಣಗೆ ಹೊಟ್ಟು ಏಳುತ್ತದೆ.

ನಮ್ಮದು ಪುತ್ತೂರು ಕಡೆ, ಅಡಿಕೆ ತೋಟ. ಅಂಗಳದಲ್ಲಿ ಅಡಿಕೆ ಹರವಿ, ಮಗುಚಿ, ಒಣಗಿಸುವ ಕೆಲಸ ಹೆಚ್ಚಾಗಿ ಅಕ್ಕನದ್ದೇ. ಬಿಸಿಲಲ್ಲಿ ನಿಂತ ದಿನ ಏನೂ ಆಗುವುದಿಲ್ಲ. ಕೆಲವು ದಿನ ಬಿಟ್ಟು, ಕೆಲವು ಸಲ ವಾರ ಕಳೆದ ಮೇಲೆ ಕಲೆಗಳು ಕೆರಳುತ್ತವೆ. ಹಾಗಾಗಿ ಇದಕ್ಕೆ ಬಿಸಿಲು ಕಾರಣ ಅಂದರೆ ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಬದನೆಕಾಯಿ ನಂಜು, ಮೀನು ನಂಜು ಅಂತ ಪಥ್ಯ ಶುರುವಾಗಿದೆ.

ಡಾಕ್ಟರ್ ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದುಕೊಟ್ಟಿದ್ದಾರೆ. ಮೆಡಿಕಲ್ ಶಾಪಿನವರು "ಇದು ಮಲೇರಿಯಾ ಮಾತ್ರೆ, ಕೊರೊನಾ ಟೈಮಲ್ಲಿ ಕೊಡ್ತಿದ್ರಲ್ಲ ಅದೇ" ಅಂದರು. ಪಕ್ಕದ ಮನೆಯವರು "ಇದು ತಗೊಂಡ್ರೆ ಕಣ್ಣು ಹೋಗ್ತದೆ" ಅಂದರು. ಅಕ್ಕ ಈಗ ಮಾತ್ರೆಯ ಡಬ್ಬಿಯನ್ನೇ ತೆಗೆದಿಲ್ಲ. ನನಗೆ ಮಲೇರಿಯಾ ಇಲ್ಲ, ಮತ್ತೆ ಯಾಕೆ ಅಂತ ಕೇಳ್ತಾಳೆ.

ರಿಪೋರ್ಟಲ್ಲಿ ಎಎನ್ಎ ಪಾಸಿಟಿವ್, ಆಂಟಿ ಡಿಎಸ್‌ಡಿಎನ್ಎ ಪಾಸಿಟಿವ್, ಆಂಟಿ ರೋ ಪಾಸಿಟಿವ್ ಅಂತ ಇದೆ. ನಮ್ಮ ದೇಹ ನಮ್ಮದೇ ಡಿಎನ್ಎ ವಿರುದ್ಧ ತಿರುಗಿದೆ ಅಂತ ಡಾಕ್ಟರ್ ಹೇಳಿದರು, ಹೊರಗೆ ಕ್ಯೂ ಉದ್ದ ಇತ್ತು, ಜಾಸ್ತಿ ಕೇಳಲಿಕ್ಕೆ ಆಗಲಿಲ್ಲ. ಡಿಎನ್ಎ ಅಂದರೆ ಜೀವಕೋಶದ ಒಳಗೆ ಇರುವ ವಸ್ತು ಅಲ್ವಾ? ಅದರ ಮೇಲೆ ದೇಹಕ್ಕೆ ಯಾಕೆ ಸಿಟ್ಟು? ಬಿಸಿಲು ಎಲ್ಲಿಂದ ಬಂತು? ಮಲೇರಿಯಾ ಮಾತ್ರೆ ಎಲ್ಲಿ ಹೋಗಿ ಕೆಲಸ ಮಾಡ್ತದೆ? "ಡಾಕ್ಟರ್ ಹೇಳಿದ್ದಾರೆ, ತಗೊಳ್ಳಿ" ಅನ್ನೋ ಉತ್ತರ ಬೇಡ. ಅಕ್ಕ ಕಾರಣ ಗೊತ್ತಾದರೆ ಮಾತ್ರ ಕೇಳುವವಳು.

ನೀಲಿಕೊಡೆ:

ನಾನು ಲೂಪಸ್ ಪೇಶಂಟ್, ಇದೇ ಮಾತ್ರೆ ಹಲವು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ವಿಜ್ಞಾನ ಬೇರೆಯವರು ಹೇಳಲಿ. ನಾನು ಹೇಳೋದು ಒಂದೇ, ಇದು ನಿಧಾನದ ಔಷಧಿ. ಮೊದಲ ತಿಂಗಳಲ್ಲಿ ಏನೂ ವ್ಯತ್ಯಾಸ ಕಾಣದೆ "ಸುಮ್ನೆ ದುಡ್ಡು ದಂಡ" ಅಂತ ಬಿಟ್ಟವರನ್ನು ನೋಡಿದ್ದೇನೆ. ಎರಡು ಮೂರು ತಿಂಗಳಾದರೂ ಕಾಯಬೇಕು. ತುಂಬಾ ಕಹಿ, ಊಟದ ಜೊತೆಗೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ.

ಇನ್ನೊಂದು ಮಾತು. 2020ರ ಮಾರ್ಚಲ್ಲಿ ಕೊರೊನಾಗೆ ಇದು ರಾಮಬಾಣ ಅಂತ ಸುದ್ದಿ ಹಬ್ಬಿ, ಸರ್ಕಾರ ರಫ್ತು ನಿಲ್ಲಿಸಿ, ಜನ ಮನೆಯಲ್ಲಿ ಕೂಡಿಟ್ಟುಕೊಂಡು, ನಮ್ಮಂಥವರಿಗೆ ಅಂಗಡಿ ಅಂಗಡಿ ಅಲೆದರೂ ಸಿಗದ ಹಾಗಾಗಿತ್ತು. ಆಮೇಲೆ ದೊಡ್ಡ ಪರೀಕ್ಷೆಗಳಲ್ಲಿ ಕೊರೊನಾಗೆ ಅದು ಉಪಯೋಗವಿಲ್ಲ ಅಂತ ಗೊತ್ತಾಯಿತು. ಲೂಪಸ್‌ಗೆ ಉಪಯೋಗ ಅನ್ನೋದು ಮಾತ್ರ ದಶಕಗಳಿಂದ ಗೊತ್ತಿರುವ ಸಂಗತಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಅಂತ ಅಕ್ಕನಿಗೆ ಹೇಳಿ.

ಕೋಶಕುತೂಹಲಿ:

ಚಾಲಿಅಡಿಕೆಯವರೇ, ನಾನು ಕೆಲಸ ಮಾಡೋದು ಇದೇ ವಿಷಯದಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಅಕ್ಕನಿಗೆ ಓದಿ ಹೇಳಿ.

ವೈರಸ್ ಅಂದರೆ ಹೆಚ್ಚುಕಡಿಮೆ ಪ್ರೋಟೀನ್ ಹೊದಿಕೆಯೊಳಗಿನ ಡಿಎನ್ಎ ಅಥವಾ ಆರ್‌ಎನ್ಎ, ಅಷ್ಟೇ. ಹೊದಿಕೆಯನ್ನು ಅದು ಬೇಗ ಬೇಗ ಬದಲಾಯಿಸಿಕೊಳ್ಳುತ್ತದೆ, ಒಳಗಿನ ಸರಕನ್ನು ಬಿಟ್ಟು ಬದುಕಲು ಆಗುವುದಿಲ್ಲ. ಹಾಗಾಗಿ ನಮ್ಮ ದೇಹ ಬಹಳ ಹಿಂದಿನಿಂದಲೂ ಆ ಸರಕನ್ನೇ ಹಿಡಿಯಲು ಕಲಿತಿದೆ. ತೊಂದರೆ ಶುರುವಾಗೋದು ಇಲ್ಲೇ. ಡಿಎನ್ಎ ನಮ್ಮಲ್ಲೂ ಇದೆ, ಮೂಲ ರಚನೆಯೂ ಒಂದೇ. ನಮ್ಮದು ಯಾವುದು, ಹೊರಗಿನದು ಯಾವುದು ಅಂತ ಕೋಶಕ್ಕೆ ಹೇಗೆ ಗೊತ್ತಾಗಬೇಕು? ಬಹುಮಟ್ಟಿಗೆ ಅದು ಡಿಎನ್ಎ ಎಲ್ಲಿ ಸಿಕ್ಕಿತು ಅನ್ನೋದರ ಮೇಲೆ ತೀರ್ಮಾನ ಮಾಡುತ್ತದೆ. ನಮ್ಮ ಮನೆಯ ಹಸುವೇ ಆದರೂ ಕತ್ತಲಲ್ಲಿ ತೋಟಕ್ಕೆ ನುಗ್ಗಿದರೆ ನಾಯಿ ಬೊಗಳುತ್ತದಲ್ಲ, ಹಾಗೆ.

ಜೀವಕೋಶ ಹೊರಗಿನಿಂದ ನುಂಗಿದ್ದೆಲ್ಲ ಮೊದಲು ಒಂದು ಪುಟ್ಟ ಚೀಲಕ್ಕೆ ಹೋಗುತ್ತದೆ. ಅದಕ್ಕೆ ಎಂಡೋಸೋಮ್ ಅಂತ ಹೆಸರು. ಒಳಗೆ ಹುಳಿ ವಾತಾವರಣ, ಅಂದರೆ ಆಮ್ಲ. ಆ ಚೀಲದ ಗೋಡೆಯಲ್ಲಿ ಕೆಲವು ಪ್ರೋಟೀನುಗಳು ಕಾವಲಿಗೆ ಇರುತ್ತವೆ. ಟಿಎಲ್ಆರ್ 9 ಡಿಎನ್ಎ ಹಿಡಿಯುತ್ತದೆ, ಟಿಎಲ್ಆರ್ 7 ಮತ್ತು 8 ಆರ್‌ಎನ್ಎ ಹಿಡಿಯುತ್ತವೆ. ಟಿಎಲ್ಆರ್ 9 ಡಿಎನ್ಎಯನ್ನು ಗುರುತಿಸುತ್ತದೆ ಅಂತ 2000ದಲ್ಲಿ ತೋರಿಸಿದ್ದು ಜಪಾನಿನ ಶಿಝುವೊ ಅಕಿರಾ ಅವರ ತಂಡ. ಇವು ಕೋಶದ ಹೊರಮೈಯಲ್ಲಿ ಇರದೆ ಒಳಗಿನ ಚೀಲದಲ್ಲಿ ಇರುವುದಕ್ಕೂ ಕಾರಣ ಇದೆ. ವೈರಸ್ ತನ್ನ ಡಿಎನ್ಎಯನ್ನು ಹೊದಿಕೆಯಲ್ಲಿ ಕಾಪಾಡಿಕೊಂಡು ಅಲ್ಲಿವರೆಗೆ ತರುತ್ತದೆ. ನಮ್ಮ ಸತ್ತ ಕೋಶಗಳಿಂದ ಚೆಲ್ಲಿದ ಡಿಎನ್ಎ ದಾರಿಯಲ್ಲೇ ಕತ್ತರಿಸಿ ಹೋಗುತ್ತದೆ, ರಕ್ತದಲ್ಲಿ ಅದಕ್ಕೆಂದೇ ಕಿಣ್ವಗಳಿವೆ. 2006ರಲ್ಲಿ ಗ್ರೆಗರಿ ಬಾರ್ಟನ್ ಮತ್ತು ಸಂಗಡಿಗರು ಟಿಎಲ್ಆರ್ 9 ಅನ್ನು ಬೇಕೆಂದೇ ಕೋಶದ ಹೊರಮೈಗೆ ಬರುವ ಹಾಗೆ ಮಾಡಿ ನೋಡಿದರು. ಆಗ ಅದು ನಮ್ಮದೇ ಡಿಎನ್ಎಗೂ ಎಚ್ಚರಗೊಳ್ಳತೊಡಗಿತು. ಜಾಗ ತಪ್ಪಿದ್ದೇ ತಡ, ವಿವೇಕವೂ ತಪ್ಪಿತು.

ಡಿಎನ್ಎ ಕತ್ತರಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ? 2011ರಲ್ಲಿ ಅಂಥ ಕುಟುಂಬಗಳ ವಿವರ ಪ್ರಕಟವಾಯಿತು. ಡಿಎನ್ಏಸ್ 1ಎಲ್3 ಅನ್ನೋ ಒಂದೇ ಒಂದು ಕಿಣ್ವ ಇಲ್ಲದ ಮಕ್ಕಳಿಗೆ ಚಿಕ್ಕ ವಯಸ್ಸಲ್ಲೇ ಲೂಪಸ್ ಬಂದಿತ್ತು. ನನ್ನ ಪ್ರಕಾರ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಈಗ ಅಕ್ಕನ ರಿಪೋರ್ಟಿಗೆ ಬರೋಣ. ಎಎನ್ಎ ಅಂದರೆ ನಮ್ಮದೇ ಕೋಶದ ನ್ಯೂಕ್ಲಿಯಸ್ಸಿನೊಳಗಿನ ವಸ್ತುಗಳಿಗೆ ಅಂಟಿಕೊಳ್ಳುವ ಆಂಟಿಬಾಡಿಗಳು. ಆಂಟಿ ಡಿಎಸ್‌ಡಿಎನ್ಎ ಅಂದರೆ ನಮ್ಮದೇ ಎರಡೆಳೆ ಡಿಎನ್ಎಗೆ ಅಂಟಿಕೊಳ್ಳುವ ಆಂಟಿಬಾಡಿ. ಅದು ಡಿಎನ್ಎಗೆ ಅಂಟಿದಾಗ ಎರಡು ಕೆಲಸ ಆಗುತ್ತದೆ. ಡಿಎನ್ಎ ಕತ್ತರಿಸಿ ಹೋಗದೆ ಉಳಿಯುತ್ತದೆ. ಜೊತೆಗೆ ಆ ಜೋಡಿಯನ್ನು ಕೆಲವು ರಕ್ಷಣಾ ಕೋಶಗಳು ಎಳೆದು ನುಂಗುತ್ತವೆ, ಅಂದರೆ ಡಿಎನ್ಎ ಸೀದಾ ಆ ಹುಳಿ ಚೀಲದೊಳಕ್ಕೆ, ಟಿಎಲ್ಆರ್ 9 ಇರುವಲ್ಲಿಗೇ ಹೋಗಿ ಬೀಳುತ್ತದೆ. ಆಂಟಿ ರೋ ಕೂಡ ಇಂಥದ್ದೇ, ಆದರೆ ರೋ ಪ್ರೋಟೀನ್ ತನ್ನ ಜೊತೆ ಆರ್‌ಎನ್ಎ ಕಟ್ಟಿಕೊಂಡಿರುತ್ತದೆ, ಅದು ಹೋಗಿ ಎಬ್ಬಿಸುವುದು ಟಿಎಲ್ಆರ್ 7 ಅನ್ನು.

ಎದ್ದ ಮೇಲೆ ಏನು? ಪ್ಲಾಸ್ಮಸೈಟಾಯ್ಡ್ ಡೆಂಡ್ರೈಟಿಕ್ ಕೋಶ ಅಂತ ಒಂದು ರಕ್ಷಣಾ ಕೋಶ ಇದೆ, ನಾವು ಪಿಡಿಸಿ ಅಂತೀವಿ. ರಕ್ತದಲ್ಲಿ ಬಹಳ ಕಡಿಮೆ ಇರುತ್ತವೆ, ಆರೋಗ್ಯವಂತ ಚರ್ಮದಲ್ಲಿ ಇರುವುದೇ ಇಲ್ಲ ಅನ್ನಬಹುದು. ಲೂಪಸ್ ಕಲೆಯಿಂದ ಚೂರು ಚರ್ಮ ತೆಗೆದು ನೋಡಿದರೆ ಅಲ್ಲಿ ಗುಂಪುಗಟ್ಟಿರುತ್ತವೆ. ಟಿಎಲ್ಆರ್ 7 ಅಥವಾ 9 ಎಚ್ಚರವಾದರೆ ಇವು ಇಂಟರ್‌ಫೆರಾನ್ ಆಲ್ಫಾ ಸುರಿಸುತ್ತವೆ, ಬೇರೆ ಕೋಶಗಳಿಗಿಂತ ಸಾವಿರ ಪಟ್ಟಿನವರೆಗೂ. ಇಂಟರ್‌ಫೆರಾನ್ ಅಂದರೆ ಸುತ್ತಲಿನ ಎಲ್ಲ ಕೋಶಗಳಿಗೂ "ವೈರಸ್ ಬಂದಿದೆ" ಅನ್ನುವ ಸುದ್ದಿ. ಜ್ವರ ಬಂದಾಗ ಮೈಕೈ ನೋವು, ಸುಸ್ತು ಬರುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಅಕ್ಕ ಕಾರಣವಿಲ್ಲದೆ ಸುಸ್ತು ಅಂದರೆ ಸೋಮಾರಿತನ ಅಂತ ಯಾರೂ ಹೇಳಬೇಡಿ. ಅವರ ದೇಹ ಇಲ್ಲದ ವೈರಸ್ ಜೊತೆ ನಿಜವಾಗಿಯೂ ಹೋರಾಡುತ್ತಿದೆ. ಈ ಇಂಟರ್‌ಫೆರಾನ್ ಚರ್ಮದ ಕೋಶಗಳನ್ನು ಇನ್ನಷ್ಟು ಸಾಯಿಸುತ್ತದೆ, ಸತ್ತ ಕೋಶದಿಂದ ಇನ್ನಷ್ಟು ಡಿಎನ್ಎ ಚೆಲ್ಲುತ್ತದೆ, ಹೊಸ ಆಂಟಿಬಾಡಿಗಳೂ ಹುಟ್ಟುತ್ತವೆ. ಹೀಗೆ ಸುತ್ತುತ್ತಲೇ ಇರುತ್ತದೆ.

ಮಾತ್ರೆ ಈ ಸುತ್ತಿನಲ್ಲಿ ಎಲ್ಲಿ ಕೈ ಹಾಕುತ್ತದೆ ಅಂದರೆ ಆ ಹುಳಿ ಚೀಲದಲ್ಲೇ. ಹೈಡ್ರಾಕ್ಸಿಕ್ಲೋರೋಕ್ವಿನ್ ದುರ್ಬಲ ಪ್ರತ್ಯಾಮ್ಲ. ಆಮ್ಲ ಇರುವ ಕಡೆ ಹೋಗಿ ಸಿಕ್ಕಿಹಾಕಿಕೊಂಡು ಅಲ್ಲೇ ಸೇರುತ್ತಾ ಹೋಗುತ್ತದೆ. ಚೀಲದ ಹುಳಿ ಕಡಿಮೆಯಾಗುತ್ತದೆ, ಹುಳಿ ಇಲ್ಲದಿದ್ದರೆ ಟಿಎಲ್ಆರ್ 9 ಸರಿಯಾಗಿ ಕೆಲಸಕ್ಕೆ ತಯಾರಾಗುವುದಿಲ್ಲ. ಅದರ ಜೊತೆಗೆ ಈ ಔಷಧಿ ಡಿಎನ್ಎ, ಆರ್‌ಎನ್ಎಗೆ ತಾನೇ ಅಂಟಿಕೊಂಡು ಅವು ಟಿಎಲ್ಆರ್‌ಗೆ ತಾಗದ ಹಾಗೆ ಮಾಡುತ್ತದೆ ಅಂತಲೂ ತೋರಿಸಿದ್ದಾರೆ. ನಿಧಾನ ಯಾಕೆ ಅನ್ನೋದಕ್ಕೂ ಉತ್ತರ ಇಲ್ಲಿದೆ. ಇದು ದೇಹದ ಮೂಲೆ ಮೂಲೆಯ ಚೀಲಗಳಲ್ಲಿ ತುಂಬಿಕೊಳ್ಳಬೇಕು, ಇದರ ಅರ್ಧಾಯು, ಅಂದರೆ ದೇಹದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 40 ದಿನ.

ಮಲೇರಿಯಾ ಮಾತ್ರೆ ಅನ್ನುವ ಹೆಸರು ಚರಿತ್ರೆಯಿಂದ ಬಂದದ್ದು. 1894ರಲ್ಲೇ ಲಂಡನ್ನಿನ ಪೇನ್ ಅನ್ನುವ ವೈದ್ಯರು ಲೂಪಸ್ ಚರ್ಮಕ್ಕೆ ಕ್ವಿನೈನ್, ಅಂದರೆ ಮಲೇರಿಯಾದ ಹಳೆಯ ಔಷಧಿ, ಕೊಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಮಲೇರಿಯಾ ಬರದಿರಲಿ ಅಂತ ಸೈನಿಕರಿಗೆ ಮೆಪಾಕ್ರಿನ್ ಕೊಡುತ್ತಿದ್ದರು, ಅದನ್ನು ತೆಗೆದುಕೊಂಡವರಲ್ಲಿ ಚರ್ಮದ ದದ್ದು, ಕೀಲುನೋವು ಇಳಿದದ್ದು ಕಣ್ಣಿಗೆ ಬಿತ್ತು. 1951ರಲ್ಲಿ ಪೇಜ್ ಅನ್ನುವವರು ಲೂಪಸ್‌ಗೆ ಮೆಪಾಕ್ರಿನ್ ಬಗ್ಗೆ ಬರೆದರು. 1955ರ ಹೊತ್ತಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾಕೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಮೊದಲು ಯಾವ ಕಾಯಿಲೆಗೆ ಬಳಸಿದರೋ ಆ ಹೆಸರು ಅಂಟಿಕೊಂಡು ಬಿಟ್ಟಿದೆ, ಅಷ್ಟೇ.

ಚಾಲಿಅಡಿಕೆ:

ಸರ್, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಓದಿ ಹೇಳಿದೆ, ಸುಸ್ತಿನ ವಿಷಯ ಬಂದಾಗ ಅಮ್ಮನನ್ನೂ ಕರೆದು ಇನ್ನೊಂದು ಸಲ ಓದಿಸಿದಳು. ಅವಳದ್ದೇ ಎರಡು ಪ್ರಶ್ನೆ. ಬಿಸಿಲು ತಾಗಿ ವಾರ ಆದಮೇಲೆ ಯಾಕೆ ಬರಬೇಕು? ಮತ್ತೆ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಕೂತವರೆಲ್ಲ ಹೆಂಗಸರೇ, ಅದು ಯಾಕೆ? ಕಣ್ಣಿನ ವಿಷಯವೂ ಯಾರಾದರೂ ಹೇಳಿ.

ಹುಬ್ಬಳ್ಳಿ_ಚರ್ಮವೈದ್ಯೆ:

ಬಿಸಿಲಿನದ್ದು ಮತ್ತು ಕಣ್ಣಿನದ್ದು ನಾನು ಹೇಳುತ್ತೇನೆ, ದಿನಾ ಓಪಿಡಿಯಲ್ಲಿ ಇದನ್ನೇ ಹೇಳುತ್ತಿರುತ್ತೇನೆ.

ಬಿಸಿಲಿನ ನೇರಳಾತೀತ ಕಿರಣ ಎಲ್ಲರ ಚರ್ಮದಲ್ಲೂ ಮೇಲ್ಪದರದ ಒಂದಷ್ಟು ಕೋಶಗಳನ್ನು ಕೊಲ್ಲುತ್ತದೆ. ಉಳಿದವರಲ್ಲಿ ಆ ಹೆಣಗಳು ಬೇಗ ವಿಲೇವಾರಿ ಆಗುತ್ತವೆ, ಗಲಾಟೆ ಇಲ್ಲ. ಲೂಪಸ್ ಇರುವವರಲ್ಲಿ ವಿಲೇವಾರಿ ನಿಧಾನ, ಸತ್ತ ಕೋಶಗಳು ಅಲ್ಲೇ ಬಿದ್ದು ಒಡೆಯುತ್ತವೆ. ಅವು ಸಾಯುವಾಗ ಒಳಗಿದ್ದ ರೋ ಪ್ರೋಟೀನ್ ಕೋಶದ ಮೇಲ್ಮೈಯ ಗುಳ್ಳೆಗಳಿಗೆ ಬಂದು ನಿಲ್ಲುತ್ತದೆ. ನಿಮ್ಮ ಅಕ್ಕನ ರಕ್ತದಲ್ಲಿ ಅದಕ್ಕೆ ಆಂಟಿಬಾಡಿ ತಯಾರಾಗಿಯೇ ಇದೆ. ಬಿಸಿಲಿಗೆ ಹಾಳಾದ ಡಿಎನ್ಎಯದ್ದು ಇನ್ನೊಂದು ಗುಣ, ಅದನ್ನು ಕತ್ತರಿಸುವ ಕಿಣ್ವಕ್ಕೆ ಅದು ಸುಲಭಕ್ಕೆ ಬಗ್ಗುವುದಿಲ್ಲ, ಜಾಸ್ತಿ ಹೊತ್ತು ಉಳಿದುಕೊಳ್ಳುತ್ತದೆ. ಆಮೇಲೆ ಆಂಟಿಬಾಡಿ ಅಂಟಬೇಕು, ರಕ್ಷಣಾ ಕೋಶಗಳು ರಕ್ತದಿಂದ ಚರ್ಮಕ್ಕೆ ಬರಬೇಕು, ಇಂಟರ್‌ಫೆರಾನ್ ಏರಬೇಕು. ಇಷ್ಟಕ್ಕೆಲ್ಲ ದಿನಗಳು ಬೇಕೇ ಬೇಕು. ಬಿಸಿಲಿಗೆ ಹೋದ ಅರ್ಧ ಗಂಟೆಯಲ್ಲಿ ತುರಿಸಿ ಸಂಜೆಗೆ ಇಳಿದು ಹೋದರೆ ಅದು ಬೇರೆ ಕಾಯಿಲೆ. ತಡವಾಗಿ ಬರುವುದೇ ಲೂಪಸ್ಸಿನ ಗುರುತು. ಬದನೆಕಾಯಿಗೂ ಮೀನಿಗೂ ಇದರಲ್ಲಿ ಪಾತ್ರ ಇಲ್ಲ, ದಯವಿಟ್ಟು ಊಟ ಬಿಡಿಸಬೇಡಿ.

ಬಯಾಪ್ಸಿಯಲ್ಲಿ ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಮೇಲ್ಪದರದ ಅತ್ಯಂತ ಕೆಳಗಿನ ಸಾಲಿನಲ್ಲಿ ಕೋಶಗಳು ಉಬ್ಬಿ, ನೀರು ತುಂಬಿದ ಹಾಗೆ ಆಗಿ, ಅಲ್ಲಲ್ಲಿ ಸತ್ತು ಗುಲಾಬಿ ಬಣ್ಣದ ಉಂಡೆಗಳಾಗಿರುತ್ತವೆ. ಅದರ ಅಡಿಯಲ್ಲೇ ರಕ್ಷಣಾ ಕೋಶಗಳು ಸಾಲುಗಟ್ಟಿರುತ್ತವೆ. ಬರಿಗಣ್ಣಿಗೆ ಗುರುತಿಸಲು ಕೈ ನೋಡಿ. ಲೂಪಸ್ಸಿನ ಕೆಂಪು ಬೆರಳಿನ ಗಂಟುಗಳನ್ನು ಬಿಟ್ಟು ನಡುವಿನ ಜಾಗದಲ್ಲಿ ಬರುತ್ತದೆ, ಗಂಟುಗಳ ಮೇಲೆಯೇ ಬಂದಿದ್ದರೆ ನಾವು ಡರ್ಮಟೊಮಯೋಸೈಟಿಸ್ ಅನ್ನುವ ಚರ್ಮ ಮತ್ತು ಸ್ನಾಯುವಿನ ಕಾಯಿಲೆ ಕಡೆ ಯೋಚಿಸುತ್ತೇವೆ. ಮುಖದಲ್ಲಿ ಮೂಗಿನ ಪಕ್ಕದಿಂದ ಬಾಯಿವರೆಗೆ ಬರುವ ಗೆರೆಯನ್ನು ಲೂಪಸ್ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಅಡಿಕೆ ಕೆಲಸ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಅಂಗಳ ಬೇರೆಯವರು ನೋಡಿಕೊಳ್ಳಲಿ. ಅಕ್ಕ ಒಳಗೆ ಕೂತು ಸುಲಿಯುವ, ಆರಿಸುವ ಕೆಲಸ ಮಾಡಲಿ. ಉದ್ದ ತೋಳಿನ ದಪ್ಪ ಹತ್ತಿ ಬಟ್ಟೆ, ಅಗಲದ ಟೋಪಿ ಅಥವಾ ಮುಟ್ಟಾಳೆ, ಸನ್‌ಸ್ಕ್ರೀನ್ ಎಸ್‌ಪಿಎಫ್ 50, ಮೋಡ ಇದ್ದರೂ ಹಚ್ಚಬೇಕು, ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಸೆರಗು ಮುಚ್ಚಿಕೊಂಡರೆ ಸಾಕು ಅನ್ನೋದು ಸಾಲದು, ತೆಳು ಬಟ್ಟೆಯಲ್ಲಿ ಕಿರಣ ಒಳಗೆ ಬರುತ್ತದೆ. ಕಿಟಕಿಯ ಗಾಜು ಕೂಡ ಎಲ್ಲ ಕಿರಣಗಳನ್ನು ತಡೆಯುವುದಿಲ್ಲ. ಇಷ್ಟು ಬಿಸಿಲು ತಪ್ಪಿಸಿದರೆ ವಿಟಮಿನ್ ಡಿ ಕಡಿಮೆಯಾಗುತ್ತದೆ, ಅದನ್ನು ಪರೀಕ್ಷೆ ಮಾಡಿಸಿ ಮಾತ್ರೆಯಲ್ಲಿ ತೆಗೆದುಕೊಳ್ಳಿ.

ಕಣ್ಣು. ಈ ಭಯ ಸುಳ್ಳಲ್ಲ, ಆದರೆ ಪಕ್ಕದ ಮನೆಯವರು ಹೇಳಿದಷ್ಟು ದೊಡ್ಡದೂ ಅಲ್ಲ. ತೂಕದ ಪ್ರತಿ ಕೆಜಿಗೆ ದಿನಕ್ಕೆ 5 ಮಿಲಿಗ್ರಾಂ ಮೀರದಂತೆ ತೆಗೆದುಕೊಂಡರೆ ಅಕ್ಷಿಪಟಲಕ್ಕೆ ಹಾನಿಯಾಗುವ ಸಂಭವ ಮೊದಲ 5 ವರ್ಷದಲ್ಲಿ 100ಕ್ಕೆ 1ಕ್ಕಿಂತ ಕಡಿಮೆ, 10 ವರ್ಷದವರೆಗೆ 2ಕ್ಕಿಂತ ಕಡಿಮೆ. 20 ವರ್ಷ ದಾಟಿದ ಮೇಲೆ ಮಾತ್ರ ಸುಮಾರು 20ಕ್ಕೆ ಏರುತ್ತದೆ. 50 ಕೆಜಿ ತೂಕದವರಿಗೆ ದಿನಕ್ಕೆ 250 ಮಿಲಿಗ್ರಾಂ ಮಿತಿ ಅಂತ ಲೆಕ್ಕ. ಶುರು ಮಾಡಿದ ಮೊದಲ ವರ್ಷದಲ್ಲಿ ಒಮ್ಮೆ ಕಣ್ಣು ತೋರಿಸಿ, 5 ವರ್ಷದ ನಂತರ ಪ್ರತಿ ವರ್ಷ. ಓಸಿಟಿ ಸ್ಕ್ಯಾನ್ (ಅಕ್ಷಿಪಟಲದ ಪದರಗಳನ್ನು ತೋರಿಸುವುದು) ಮತ್ತು ಫೀಲ್ಡ್ ಟೆಸ್ಟ್ (ನೋಟದ ಹರವು ಅಳೆಯುವುದು) ಕೇಳಿ, ಬರೀ ಅಕ್ಷರ ಓದಿಸಿ ಕಳಿಸಿದರೆ ಸಾಲದು. ಕಿಡ್ನಿ ತೊಂದರೆ ಇದ್ದರೆ ಇನ್ನೂ ಬೇಗ ಬೇಗ ನೋಡಬೇಕು, ಸದ್ಯ ನಿಮ್ಮ ಅಕ್ಕನಿಗೆ ಅದಿಲ್ಲ.

ಅಕ್ಕನಿಗೆ ಮುಂದೆ ಮಗು ಬೇಕು ಅಂತಿದ್ದರೆ ಗರ್ಭಿಣಿಯಾದಾಗಲೂ ಈ ಮಾತ್ರೆ ನಿಲ್ಲಿಸುವುದಿಲ್ಲ. ಆಂಟಿ ರೋ ಇರುವ ತಾಯಂದಿರ 100 ಮಕ್ಕಳಲ್ಲಿ ಸುಮಾರು 2 ಮಕ್ಕಳಿಗೆ ಹೃದಯದ ಬಡಿತದ ತೊಂದರೆ ಬರಬಹುದು. ಆದ್ದರಿಂದ ಗರ್ಭ ನಿಂತ ಕೂಡಲೇ ಡಾಕ್ಟರಿಗೆ ತಿಳಿಸಬೇಕು, ಇದನ್ನು ಈಗಲೇ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಅಕ್ಕನ ಹತ್ತಿರ ಸೇದುವುದು ಬೇಡ.

ಕೋಶಕುತೂಹಲಿ:

ಮೇಡಂ ಬಹಳ ಚೆನ್ನಾಗಿ ಹೇಳಿದ್ದಾರೆ. ಹೆಂಗಸರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಲೂಪಸ್ ರೋಗಿಗಳಲ್ಲಿ 10ಕ್ಕೆ 9 ಜನ ಹೆಂಗಸರು. ಹಾರ್ಮೋನು ಒಂದು ಕಾರಣ, ಅದೊಂದೇ ಅಲ್ಲ. ಟಿಎಲ್ಆರ್ 7 ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಂಗಸರಲ್ಲಿ ಎಕ್ಸ್ ಎರಡು, ಅದರಲ್ಲಿ ಒಂದನ್ನು ಪ್ರತಿ ಕೋಶವೂ ಮುಚ್ಚಿಡುತ್ತದೆ. ಆದರೆ ಕೆಲವು ರಕ್ಷಣಾ ಕೋಶಗಳಲ್ಲಿ ಟಿಎಲ್ಆರ್ 7 ಆ ಮುಚ್ಚುಗಡೆಯಿಂದ ತಪ್ಪಿಸಿಕೊಳ್ಳುತ್ತದೆ, ಎರಡೂ ಪ್ರತಿ ಕೆಲಸ ಮಾಡುತ್ತವೆ ಅಂತ 2018ರಲ್ಲಿ ತೋರಿಸಿದರು. ಎರಡು ಎಕ್ಸ್ ಜೊತೆ ಹುಟ್ಟುವ ಗಂಡಸರು, ಅಂದರೆ ಕ್ಲೈನ್‌ಫೆಲ್ಟರ್ ಇರುವವರಿಗೆ, ಲೂಪಸ್ ಸಂಭವ ಉಳಿದ ಗಂಡಸರಿಗಿಂತ ಸುಮಾರು 14 ಪಟ್ಟು ಜಾಸ್ತಿ, ಹೆಚ್ಚುಕಡಿಮೆ ಹೆಂಗಸರಷ್ಟೇ. 2022ರಲ್ಲಿ ಕರೋಲಾ ವಿನುಯೆಸಾ ಅವರ ತಂಡ ಸ್ಪೇನಿನ ಒಬ್ಬ ಹುಡುಗಿಯಲ್ಲಿ ಟಿಎಲ್ಆರ್ 7 ಜೀನಿನಲ್ಲಿ ಒಂದೇ ಅಕ್ಷರ ಬದಲಾದದ್ದನ್ನು ಹುಡುಕಿತು. ಅದೇ ಬದಲಾವಣೆಯನ್ನು ಇಲಿಯಲ್ಲಿ ಮಾಡಿದಾಗ ಇಲಿಗೂ ಲೂಪಸ್ ಬಂತು. ಒಂದು ಅಕ್ಷರ ಇಷ್ಟು ಮಾಡಿತಲ್ಲ ಅಂತ ಅದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಇದೇ ತಿಳಿವಳಿಕೆಯಿಂದ ಹೊಸ ಔಷಧಿಗಳೂ ಬಂದಿವೆ. ಇಂಟರ್‌ಫೆರಾನ್ ಕೂರುವ ಜಾಗವನ್ನೇ ಮುಚ್ಚುವ ಅನಿಫ್ರೊಲುಮ್ಯಾಬ್‌ಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಚರ್ಮದ ಮೇಲೆ ಅದರ ಪರಿಣಾಮ ಚೆನ್ನಾಗಿದೆ. ಪಿಡಿಸಿ ಕೋಶಗಳ ಬಾಯಿ ಕಟ್ಟುವ ಲಿಟಿಫಿಲಿಮ್ಯಾಬ್ ಚರ್ಮದ ಲೂಪಸ್ಸಿನಲ್ಲಿ ಭರವಸೆ ಕೊಟ್ಟ ಫಲಿತಾಂಶ 2022ರಲ್ಲಿ ಬಂತು. ಆದರೂ ನಿಮ್ಮ ಅಕ್ಕನಿಗೆ ಮೊದಲ ಔಷಧಿ ಆ ಕಹಿ ಮಾತ್ರೆಯೇ.

ಶರಾವತಿತೀರ:

ನಡುವೆ ಬಂದು ಕೇಳುತ್ತಿದ್ದೇನೆ, ವಿಷಯ ಹತ್ತಿರದ್ದೇ ಅನ್ನಿಸಿತು. ನನಗೆ ಮೊಣಕೈ, ತಲೆಯಲ್ಲಿ ಸೋರಿಯಾಸಿಸ್ ಇದೆ, ಬಹಳ ವರ್ಷ ತಣ್ಣಗೆ ಇತ್ತು. ನರುಳಿಗೆ ಅಂತ ಇಮಿಕ್ವಿಮಾಡ್ ಮುಲಾಮು ಕೊಟ್ಟರು, ಹಚ್ಚಿದ ಜಾಗದಲ್ಲೇ ಹೊಸದಾಗಿ ಸೋರಿಯಾಸಿಸ್ ಎದ್ದಿತು. ಕಾಕತಾಳೀಯವಾ, ಮುಲಾಮಿನದ್ದೇ ಕೆಲಸವಾ? ಮತ್ತೆ ಸೋರಿಯಾಸಿಸ್‌ಗೂ ಈ ಮಲೇರಿಯಾ ಮಾತ್ರೆ ಆಗುತ್ತದಾ? ಅದೂ ಹೀಗೆ ಮೈಯೇ ಮೈಮೇಲೆ ಬೀಳುವ ಕಾಯಿಲೆ ಅಂತಾರಲ್ಲ.

ಕೋಶಕುತೂಹಲಿ:

ಮುಲಾಮಿನದ್ದೇ ಕೆಲಸ ಇರುವ ಸಾಧ್ಯತೆ ಬಹಳ. ಇಮಿಕ್ವಿಮಾಡ್ ಮಾಡುವ ಕೆಲಸವೇ ಟಿಎಲ್ಆರ್ 7 ಅನ್ನು ಎಬ್ಬಿಸುವುದು. ನರುಳಿ ವೈರಸ್‌ನಿಂದ ಬರುವುದು, ಅಲ್ಲಿ ರಕ್ಷಣಾ ವ್ಯವಸ್ಥೆ ಮಲಗಿರುತ್ತದೆ, ಆರ್‌ಎನ್ಎ ಬಂದಿದೆ ಅಂತ ಸುಳ್ಳು ಸುದ್ದಿ ಕೊಟ್ಟು ಎಬ್ಬಿಸಬೇಕು. ಅದು 1997ರಲ್ಲೇ ಮಾರುಕಟ್ಟೆಗೆ ಬಂದಿತ್ತು, ಟಿಎಲ್ಆರ್ 7 ಮೂಲಕ ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದು 2002ರಲ್ಲಿ. ಸೋರಿಯಾಸಿಸ್ ಇರುವವರಿಗೆ ಹಚ್ಚಿದಾಗ ಕಾಯಿಲೆ ಕೆರಳಿ, ಅಲ್ಲಿ ಪಿಡಿಸಿ ಕೋಶಗಳು ಬಂದು ಸೇರಿದ್ದು 2004ರಲ್ಲಿ ವರದಿಯಾಯಿತು. 2009ರಿಂದ ಇಲಿಯ ಬೆನ್ನಿಗೆ ಇದೇ ಮುಲಾಮು ಹಚ್ಚಿ ಸೋರಿಯಾಸಿಸ್ ಥರದ ಚರ್ಮ ಬರಿಸಿ ಸಂಶೋಧನೆ ಮಾಡುತ್ತಾರೆ, ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಇದು ನಿತ್ಯದ ಕೆಲಸ. ನಿಮ್ಮ ಡಾಕ್ಟರಿಗೆ ತಪ್ಪದೆ ಹೇಳಿ, ಫೈಲಿನಲ್ಲಿ ಬರೆಸಿ.

ಸೋರಿಯಾಸಿಸ್‌ನಲ್ಲಿ ಡಿಎನ್ಎ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನೋದು ಬೇರೆ ದಾರಿ. ಗಾಯವಾದಾಗ ಚರ್ಮ ಎಲ್ಎಲ್ 37 ಅನ್ನುವ ಪುಟ್ಟ ಪೆಪ್ಟೈಡ್ ಮಾಡುತ್ತದೆ, ಬ್ಯಾಕ್ಟೀರಿಯಾ ಕೊಲ್ಲಲು. ಸೋರಿಯಾಸಿಸ್ ಚರ್ಮದಲ್ಲಿ ಅದು ವಿಪರೀತ. 2007ರಲ್ಲಿ ಮಿಷೆಲ್ ಜಿಲಿಯೆ ಅವರ ತಂಡ ತೋರಿಸಿದ್ದು ಏನೆಂದರೆ, ಎಲ್ಎಲ್ 37 ನಮ್ಮದೇ ಡಿಎನ್ಎಗೆ ಸುತ್ತಿಕೊಂಡು, ಅದನ್ನು ಕತ್ತರಿಸದ ಹಾಗೆ ಗಂಟು ಮಾಡಿ, ಪಿಡಿಸಿಯ ಎಂಡೋಸೋಮಿಗೆ ಒಯ್ಯುತ್ತದೆ. ಲೂಪಸ್‌ನಲ್ಲಿ ಆಂಟಿಬಾಡಿ ಮಾಡಿದ ಕೆಲಸವನ್ನು ಇಲ್ಲಿ ಈ ಪೆಪ್ಟೈಡ್ ಮಾಡುತ್ತದೆ. ಮೊಣಕೈ ತರಚಿದ ಜಾಗದಲ್ಲೇ ಹೊಸ ಕಲೆ ಬರುತ್ತದಲ್ಲ, ಅದಕ್ಕೆ ಇದರಿಂದ ಒಂದು ಒಳ್ಳೆ ವಿವರಣೆ ಸಿಗುತ್ತದೆ.

ಆದರೆ ಇಲ್ಲಿ ಒಂದು ಮುಖ್ಯ ವ್ಯತ್ಯಾಸ. ಹೀಗೆ ಶುರುವಾದ ಸೋರಿಯಾಸಿಸ್ ಒಮ್ಮೆ ತಳವೂರಿದ ಮೇಲೆ ಇಂಟರ್‌ಫೆರಾನ್ ಆಲ್ಫಾವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಅದನ್ನು ತಡೆಯುವ ಔಷಧಿ ಕೊಟ್ಟು ನೋಡಿದಾಗ ಹಳೆಯ ಕಲೆಗಳು ಜಗ್ಗಲಿಲ್ಲ. ಆ ಹೊತ್ತಿಗೆ ಐಎಲ್ 23 ಮತ್ತು ಐಎಲ್ 17 ಅನ್ನುವ ಬೇರೆ ಸಂದೇಶ ಪ್ರೋಟೀನುಗಳು ಯಜಮಾನಿಕೆ ವಹಿಸಿಕೊಂಡಿರುತ್ತವೆ. ಅದಕ್ಕೇ ಅವನ್ನು ತಡೆಯುವ ಚುಚ್ಚುಮದ್ದುಗಳು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಮಲೇರಿಯಾ ಮಾತ್ರೆ ನಿಮಗೆ ಖಂಡಿತ ಬೇಡ. ಸೋರಿಯಾಸಿಸ್ ಇರುವ ಕೆಲವರಲ್ಲಿ ಅದರಿಂದಲೇ ಕಾಯಿಲೆ ಕೆರಳಿದ ವರದಿಗಳಿವೆ. ಒಬ್ಬರ ಔಷಧಿ ಇನ್ನೊಬ್ಬರು ಕೇಳಿ ತೆಗೆದುಕೊಳ್ಳಬಾರದು ಅನ್ನೋದಕ್ಕೆ ಈ ಎರಡು ಕಾಯಿಲೆಗಳೇ ಸಾಕು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಡಿಎನ್ಎಯನ್ನು ಮೊದಲು ಬೇರ್ಪಡಿಸಿದ್ದು 1869ರಲ್ಲಿ, ಜರ್ಮನಿಯ ಟ್ಯೂಬಿಂಗನ್‌ನಲ್ಲಿ, ಫ್ರೀಡ್ರಿಕ್ ಮೀಷರ್. ಎಲ್ಲಿಂದ ಅಂದರೆ ಆಸ್ಪತ್ರೆಯ ಬ್ಯಾಂಡೇಜಿನ ಕೀವಿನಿಂದ. ಕೀವು ಅಂದರೆ ಬಹುಪಾಲು ಸತ್ತ ನ್ಯೂಟ್ರೊಫಿಲ್ ಕೋಶಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು. 2004ರಲ್ಲಿ ಗೊತ್ತಾಯಿತು, ಈ ನ್ಯೂಟ್ರೊಫಿಲ್‌ಗಳು ಬ್ಯಾಕ್ಟೀರಿಯಾ ಹಿಡಿಯಲು ತಮ್ಮ ಡಿಎನ್ಎಯನ್ನೇ ಬಲೆಯಾಗಿ ಹೊರಗೆ ಎಸೆಯುತ್ತವೆ ಅಂತ. 2011ರಲ್ಲಿ ಲೂಪಸ್ ರೋಗಿಗಳ ಆ ಬಲೆಗಳಲ್ಲಿ ಎಲ್ಎಲ್ 37 ಕೂಡ ಸಿಕ್ಕಿತು, ಪಿಡಿಸಿಗಳನ್ನು ಅವು ಎಬ್ಬಿಸುತ್ತವೆ ಅಂತಲೂ ತಿಳಿಯಿತು.

ಎಲ್ಬೆದಂಡೆ:

ನಾನು ಧಾರವಾಡದವಳು, ಇರೋದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ. ಚಳಿಗಾಲದಲ್ಲಿ ಕಾಲ್ಬೆರಳು ನೇರಳೆ ಆಗಿ, ಊದಿ, ಬೆಚ್ಚಗಾದಾಗ ಉರಿ ತುರಿಕೆ ಬರುತ್ತದೆ. ಇಲ್ಲಿನ ಡಾಕ್ಟರ್ ಚಿಲ್‌ಬ್ಲೇನ್ ಅಂದರು. ನೆಟ್ಟಲ್ಲಿ ಹುಡುಕಿದರೆ ಚಿಲ್‌ಬ್ಲೇನ್ ಲೂಪಸ್ ಅಂತ ಬರುತ್ತದೆ, ಟ್ರೆಕ್ಸ್ 1 ಜೀನ್ ಅಂತೆಲ್ಲ ಇದೆ, ಹೆದರಿಕೆ ಆಗಿದೆ. ಇದಕ್ಕೂ ಡಿಎನ್ಎ ಹಿಡಿಯುವ ಕಥೆಗೂ ಸಂಬಂಧ ಇದೆಯಾ?

ಕೋಶಕುತೂಹಲಿ:

ಮೊದಲು ಹೆದರಿಕೆ ಬಿಡಿ. ಚಳಿ ದೇಶದಲ್ಲಿ ಚಿಲ್‌ಬ್ಲೇನ್ ಸಾಮಾನ್ಯ, ಹೆಚ್ಚಿನವರಿಗೆ ಲೂಪಸ್ ಇರುವುದೇ ಇಲ್ಲ. ಬೆಚ್ಚಗಿನ ಒಣ ಸಾಕ್ಸ್ ಹಾಕಿ, ತಣ್ಣಗಾದ ಕಾಲನ್ನು ಸೀದಾ ಹೀಟರಿಗೆ ಒಡ್ಡಬೇಡಿ. ಬೇಸಿಗೆ ಬಂದರೂ ಹೋಗದಿದ್ದರೆ, ಹುಣ್ಣಾದರೆ, ಕಿವಿ ಮೂಗಿನಲ್ಲೂ ಬಂದರೆ, ಕೀಲುನೋವು ಅಥವಾ ಬಿಸಿಲಿಗೆ ದದ್ದು ಇದ್ದರೆ ಆಗ ಎಎನ್ಎ ಮಾಡಿಸಿ.

ಸಂಬಂಧ ಮಾತ್ರ ನಿಜ, ನೀವಿರುವ ಊರಿನ ಆಸ್ಪತ್ರೆಯ ಸಂಶೋಧಕರೇ ಅದರಲ್ಲಿ ಮುಖ್ಯ ಕೆಲಸ ಮಾಡಿದ್ದಾರೆ. ಇಲ್ಲಿವರೆಗೆ ನಾನು ಹೇಳಿದ್ದು ಎಂಡೋಸೋಮಿನ ಕಾವಲು. ಕೋಶದ ಒಳಗಿನ ದ್ರವದಲ್ಲಿ, ಅಂದರೆ ಡಿಎನ್ಎ ಇರಲೇಬಾರದ ಜಾಗದಲ್ಲಿ, ಇನ್ನೊಂದು ಕಾವಲಿದೆ. ಅದರ ಹೆಸರು ಸಿಗ್ಯಾಸ್, ಡಲ್ಲಾಸಿನ ಜೇಮ್ಸ್ ಚೆನ್ ಅವರ ತಂಡ 2013ರಲ್ಲಿ ಕಂಡುಹಿಡಿದದ್ದು, ಅದಕ್ಕೆ ಅವರಿಗೆ 2024ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಡಿಎನ್ಎ ಸಿಕ್ಕರೆ ಸಿಗ್ಯಾಸ್ ಒಂದು ಪುಟ್ಟ ರಾಸಾಯನಿಕ ಮಾಡುತ್ತದೆ, ಅದು ಸ್ಟಿಂಗ್ ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ, ಅಲ್ಲಿಂದ ಮತ್ತೆ ಇಂಟರ್‌ಫೆರಾನ್. ಆ ಜಾಗದಲ್ಲಿ ಚೆಲ್ಲಿದ ಡಿಎನ್ಎಯನ್ನು ಗುಡಿಸುವ ಕಿಣ್ವವೇ ಟ್ರೆಕ್ಸ್ 1. ಬಿಸಿಲಿಗೆ ಹಾಳಾದ ಡಿಎನ್ಎ ಒಂದು ಕಿಣ್ವಕ್ಕೆ ಬಗ್ಗುವುದಿಲ್ಲ ಅಂತ ಮೇಡಂ ಹೇಳಿದರಲ್ಲ, ಅದು ಇದೇ ಕಿಣ್ವ. ಇದು ಕೆಟ್ಟರೆ ಮಕ್ಕಳಲ್ಲಿ ಮೆದುಳಿಗೆ ಹೊಡೆತ ಬೀಳುವ ಐಕಾರ್ಡಿ ಗುಟಿಯೆರ್ ಕಾಯಿಲೆ ಬರುತ್ತದೆ ಅಂತ 2006ರಲ್ಲಿ ಯಾನಿಕ್ ಕ್ರೋ ಅವರ ತಂಡ ತೋರಿಸಿತು. ಮರುವರ್ಷವೇ, ಮನೆತನದಲ್ಲಿ ಹರಿದು ಬರುವ ಚಿಲ್‌ಬ್ಲೇನ್ ಲೂಪಸ್ಸಿಗೂ ಇದೇ ಜೀನ್ ಕಾರಣ ಅಂತ ಗೊತ್ತಾಯಿತು. ಸ್ಟಿಂಗ್ ತಾನೇ ಸದಾ ಎದ್ದಿರುವ ಹಾಗೆ ಕೆಟ್ಟರೆ ಬರುವುದು ಸಾವಿ ಅನ್ನುವ ಕಾಯಿಲೆ, 2014ರಲ್ಲಿ ವಿವರಿಸಿದ್ದು. ಆ ಮಕ್ಕಳಿಗೂ ಬೆರಳು, ಕಿವಿ, ಮೂಗಿನ ತುದಿಯಲ್ಲಿ ಹುಣ್ಣು, ಚಳಿಯಲ್ಲಿ ಜಾಸ್ತಿ, ಶ್ವಾಸಕೋಶಕ್ಕೂ ಹಾನಿ.

ಈ ದಾರಿಯಲ್ಲಿ ಎಂಡೋಸೋಮಿನ ಪಾತ್ರ ಇಲ್ಲ. ಹಾಗಾಗಿ ಇಂಥ ಅಪರೂಪದ ಕಾಯಿಲೆಗಳಲ್ಲಿ ಇಂಟರ್‌ಫೆರಾನ್ ಬಂದ ಮೇಲಿನ ಸಂದೇಶವನ್ನು ತಡೆಯುವ ಜಾಕ್ ಇನ್ಹಿಬಿಟರ್ ಮಾತ್ರೆಗಳನ್ನು ಬಳಸುತ್ತಾರೆ. ಟ್ರೆಕ್ಸ್ 1 ಚಿಲ್‌ಬ್ಲೇನ್ ಲೂಪಸ್ ಮನೆತನದಲ್ಲಿ ಬರುವ ಕಾಯಿಲೆ, ಚಿಕ್ಕಂದಿನಲ್ಲೇ ಶುರುವಾಗುತ್ತದೆ. ಧಾರವಾಡದಲ್ಲಿ ಬೆಳೆಯುವಾಗ ನಿಮಗೆ ಬೆಳಗಿನ ಚಳಿಗೆ ಹೀಗಾಗುತ್ತಿತ್ತಾ? ಅಪ್ಪ ಅಮ್ಮನ ಕಡೆ ಯಾರಿಗಾದರೂ ಇತ್ತಾ? ಎರಡಕ್ಕೂ ಇಲ್ಲ ಅಂತಿದ್ದರೆ ಟ್ರೆಕ್ಸ್ 1 ಚಿಂತೆ ಬಿಟ್ಟು ಒಳ್ಳೆ ಉಣ್ಣೆ ಸಾಕ್ಸ್ ತಗೊಳ್ಳಿ.